ಒಳಗಿನಿಂದಲೂ ತೆರೆಯುವ ಬಾಗಿಲು: ವ್ಯಾನ್ ಮಾರ್ಪಾಡಿನಲ್ಲಿ ಉದ್ದಿಮೆದಾರರ ಹೊಣೆ

ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆ ಹಾಗೂ ಭಾರತ ಹುಣ್ಣಿಮೆಯ ದಿನಗಳಲ್ಲಿ ಬರುವ ವಾಹನಗಳನ್ನು ಗಮನಿಸಿದವರಿಗೆ ಒಂದು ಸಂಗತಿ ತಿಳಿದಿರುತ್ತದೆ. ಭಕ್ತರು ವಾಹನವನ್ನು ಕೇವಲ ಪ್ರಯಾಣಕ್ಕೆ ಬಳಸುವುದಿಲ್ಲ. ಅದೇ ಅವರ ಬಿಡಾರವೂ ಆಗಿರುತ್ತದೆ. ವಾಹನದ ಪಕ್ಕದಲ್ಲಿ ಒಲೆ ಹೂಡಿ, ಅಡುಗೆ ಮಾಡಿ, ಪಡಲಗಿ ತುಂಬಿಸಿ, ರಾತ್ರಿಯಾದಾಗ ಮಕ್ಕಳನ್ನೂ ಹಿರಿಯರನ್ನೂ ವಾಹನದೊಳಗೆ ಮಲಗಿಸುವ ರೂಢಿ ಹಳೆಯದು. ಹಿಂದೆ ಚಕ್ಕಡಿ ಮಾಡುತ್ತಿದ್ದ ಕೆಲಸವನ್ನು ಇಂದು ಟೆಂಪೊ, ಟ್ರ್ಯಾಕ್ಸ್ ಹಾಗೂ ವ್ಯಾನ್‌ಗಳು ಮಾಡುತ್ತಿವೆ. ಆದರೆ ಚಕ್ಕಡಿಗೆ ಬಾಗಿಲಿರಲಿಲ್ಲ. ವ್ಯಾನಿಗೆ ಬಾಗಿಲೂ ಇದೆ, ಕೀಲಿಯೂ ಇದೆ. ಈ ಲೇಖನದ ವಿಷಯ ಆ ಕೀಲಿಯೇ.

ಇತ್ತೀಚಿನ ವರ್ಷಗಳಲ್ಲಿ ಸರಕು ಸಾಗಣೆಯ ವ್ಯಾನನ್ನು ಕೊಂಡು, ಒಳಗೆ ಹಾಸಿಗೆ, ಕಪಾಟು, ಚಿಕ್ಕ ಅಡುಗೆ ಕಟ್ಟೆ ಕೂಡ್ರಿಸಿ, ಪ್ರವಾಸದ ಕ್ಯಾಂಪರ್ ವ್ಯಾನ್ ಆಗಿ ಮಾರ್ಪಡಿಸುವ ಆಸಕ್ತಿ ಹೆಚ್ಚಿದೆ. ಕೇರಳ ಸರ್ಕಾರವು 2021ರಲ್ಲಿ ‘ಕೆರವಾನ್ ಕೇರಳ’ ಎಂಬ ಹೆಸರಿನಲ್ಲಿ ಕ್ಯಾರವಾನ್ ಪ್ರವಾಸ ನೀತಿಯನ್ನು ಪ್ರಕಟಿಸಿತು. ಕರ್ನಾಟಕದ 2020-25ರ ಪ್ರವಾಸೋದ್ಯಮ ನೀತಿಯಲ್ಲಿಯೂ ಕ್ಯಾರವಾನ್ ಪ್ರವಾಸಕ್ಕೆ ಸ್ಥಾನ ದೊರೆಯಿತು. 2024ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರವು ಸವದತ್ತಿ ಯಲ್ಲಮ್ಮಗುಡ್ಡದ ಅಭಿವೃದ್ಧಿಗೆ ರೂ. 100 ಕೋಟಿಯ ಯೋಜನೆಗೆ ಮಂಜೂರಾತಿ ನೀಡಿತು. ಕಿತ್ತೂರಿನ ಕೋಟೆ, ಬೈಲಹೊಂಗಲದ ರಾಣಿ ಚನ್ನಮ್ಮನ ಸಮಾಧಿ, ಸೊಗಲದ ಸೋಮೇಶ್ವರ, ನವಿಲುತೀರ್ಥದ ಜಲಾಶಯ, ಶಿರಸಂಗಿಯ ಕಾಳಿಕಾದೇವಿ, ರಾಮದುರ್ಗ ತಾಲೂಕಿನ ಗೊಡಚಿ ವೀರಭದ್ರ ಮತ್ತು ಶಬರಿಕೊಳ್ಳ, ಇವೆಲ್ಲವನ್ನೂ ಒಂದೇ ಸುತ್ತಿನಲ್ಲಿ ನೋಡಬಹುದಾದ ಈ ನಾಲ್ಕು ತಾಲೂಕುಗಳಲ್ಲಿ ಇಂಥ ವಾಹನಗಳಿಗೆ ಬೇಡಿಕೆ ಬೆಳೆಯುವುದು ಸಹಜ. ಟ್ರ್ಯಾಲಿ, ರಂಟೆ, ಕುಂಟೆ, ಕೂರಿಗೆಗಳನ್ನು ತಯಾರಿಸುವ ಕೈಗಳಿಗೆ ವ್ಯಾನಿನ ಒಳಾಂಗಣದ ಚೌಕಟ್ಟು ಕಟ್ಟುವುದು ಕಷ್ಟದ ಕೆಲಸವೇನೂ ಅಲ್ಲ. ಆದುದರಿಂದ ಸ್ಥಳೀಯ ಫ್ಯಾಬ್ರಿಕೇಟರುಗಳಿಗೂ ವಾಹನ ಬಾಡಿಗೆಯ ವ್ಯಾಪಾರಿಗಳಿಗೂ ಇದೊಂದು ಹೊಸ ಅವಕಾಶ. ಅವಕಾಶದ ಜೊತೆಗೆ ಬರುವ ಹೊಣೆಯನ್ನು ಮೊದಲೇ ಅರಿತುಕೊಳ್ಳುವುದು ವ್ಯವಹಾರ ಜಾಣತನ.

ಸರಕಿಗೆ ಮಾಡಿದ ಬಾಗಿಲು, ಮನುಷ್ಯರಿಗಲ್ಲ

ಸರಕು ವ್ಯಾನಿನ ಹಿಂಬದಿಯ ಬಾಗಿಲಿನ ಉದ್ದೇಶ ಒಂದೇ: ಒಳಗಿನ ಮಾಲು ಹೊರಗೆ ಬೀಳಬಾರದು, ಹೊರಗಿನವರು ಒಳಗೆ ಕೈ ಹಾಕಬಾರದು. ಅಕ್ಕಿಯ ಚೀಲ ಬಾಗಿಲು ತೆರೆದು ಹೊರಗೆ ಬರುವುದಿಲ್ಲವಾದ್ದರಿಂದ ಅನೇಕ ಮಾದರಿಗಳಲ್ಲಿ ಹಿಂಬದಿಯ ಬಾಗಿಲಿಗೆ ಒಳಗಡೆ ಹಿಡಿಕೆಯೇ ಇರುವುದಿಲ್ಲ. ಚಾಲಕನ ಕೋಣೆಗೂ ಸರಕಿನ ಜಾಗಕ್ಕೂ ನಡುವೆ ತಗಡಿನ ಗೋಡೆ ಇರುತ್ತದೆ. ಇದರ ಮೇಲೆ ಕಳ್ಳತನದ ಭಯದಿಂದ ಮಾಲೀಕರು ಹೊರಗಡೆ ಕೊಂಡಿ ಬೆಸೆಯಿಸಿ ಬೀಗ ಜಡಿಯುವುದೂ ಉಂಟು.

ಇಂಥ ವಾಹನದಲ್ಲಿ ಹಾಸಿಗೆ ಹಾಕಿದ ಮಾತ್ರಕ್ಕೆ ಅದು ಮಲಗುವ ಕೋಣೆಯಾಗುವುದಿಲ್ಲ. ಬಾಗಿಲು ಇನ್ನೂ ಗೋದಾಮಿನದೇ. ಒಂದು ಸಂದರ್ಭವನ್ನು ಊಹಿಸಬಹುದು. ಗುಡ್ಡದ ಮೇಲೆ ವಾಹನ ನಿಂತಿದೆ. ಒಳಗೆ ಅಜ್ಜಿ ಮತ್ತು ಇಬ್ಬರು ಮೊಮ್ಮಕ್ಕಳು ಮಲಗಿದ್ದಾರೆ. ಸಾಮಾನು ಭದ್ರವಾಗಿರಲೆಂದು ಮನೆಯವರು ಹೊರಗಿನಿಂದ ಕೀಲಿ ಹಾಕಿ, ಕೀಲಿಕೈಯನ್ನು ಜೇಬಿಗಿಳಿಸಿ ದರ್ಶನದ ಸಾಲಿನಲ್ಲಿ ನಿಂತಿದ್ದಾರೆ. ಆಗ ಒಳಗಿನ ಗ್ಯಾಸ್ ಒಲೆಯ ಕೊಳವೆ ಸಡಿಲಗೊಂಡರೆ, ಇಲ್ಲವೆ ಬ್ಯಾಟರಿಯ ತಂತಿಯಿಂದ ಹೊಗೆ ಎದ್ದರೆ, ಅಜ್ಜಿ ಮಾಡಬೇಕಾದುದೇನು? ಕೀಲಿ ಹಾಕಿದವರಿಗೆ ಕೆಟ್ಟ ಉದ್ದೇಶವಿಲ್ಲ. ವ್ಯಾನ್ ಮಾರ್ಪಡಿಸಿದವರಿಗೂ ಇಲ್ಲ. ಆದರೂ ಅಜ್ಜಿಗೆ ಹೊರಬರುವ ದಾರಿಯಿಲ್ಲ.

ದುರಂತಗಳು ಕಲಿಸಿದ ಪಾಠ

2013ರ ಅಕ್ಟೋಬರ್ 30ರ ಬೆಳಗಿನ ಜಾವ ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ಖಾಸಗಿ ಬಸ್ಸು ಮೆಹಬೂಬನಗರ ಜಿಲ್ಲೆಯ ಪಾಲೆಂ ಬಳಿ ಬೆಂಕಿಗೆ ಆಹುತಿಯಾಗಿ 45 ಜನ ಸತ್ತರು. ಅದಾದ ಹದಿನೈದೇ ದಿನಗಳಲ್ಲಿ, ನವೆಂಬರ್ 14ರಂದು, ಬೆಂಗಳೂರಿನಿಂದ ಮುಂಬಯಿಗೆ ಹೊರಟಿದ್ದ ಬಸ್ಸು ಹಾವೇರಿಯ ಬಳಿ ಹೊತ್ತಿ ಉರಿದು 7 ಜನ ಮೃತಪಟ್ಟರು. ಹಾವೇರಿಯ ಈ ಹೆದ್ದಾರಿಯೇ ಹುಬ್ಬಳ್ಳಿ-ಧಾರವಾಡ ದಾಟಿ ಕಿತ್ತೂರಿನ ಪಕ್ಕದಲ್ಲಿ ಸಾಗಿ ಬೆಳಗಾವಿ ಸೇರುತ್ತದೆ. 2025ರ ಅಕ್ಟೋಬರ್ 14ರಂದು ರಾಜಸ್ಥಾನದ ಜೈಸಲ್ಮೇರ್ ಬಳಿ ಮಾರ್ಪಡಿಸಿದ ಹವಾನಿಯಂತ್ರಿತ ಬಸ್ಸಿಗೆ ಬೆಂಕಿ ತಗುಲಿ 20ಕ್ಕೂ ಹೆಚ್ಚು ಜನ ಸತ್ತಾಗ, ಬಾಗಿಲು ತೆರೆಯಲಾಗದೆ ಪ್ರಯಾಣಿಕರು ಒಳಗೇ ಸಿಲುಕಿದ ವರದಿಗಳು ಬಂದವು. ಬೆಂಕಿಯ ಕಾರಣ ಒಂದೊಂದು ಕಡೆ ಒಂದೊಂದು. ಆದರೆ ಬೆಂಕಿ ಹೊತ್ತಿದ ಮೇಲೆ ಎಲ್ಲ ಕಡೆಯೂ ಎದುರಾಗುವ ಪ್ರಶ್ನೆ ಒಂದೇ: ಹೊರಬರಲು ಎಷ್ಟು ದಾರಿಗಳಿದ್ದವು, ಅವು ಎಷ್ಟು ಬೇಗ ತೆರೆದವು?

ಬೆಂಕಿಯಷ್ಟೇ ಅಪಾಯವಲ್ಲ. 2024ರ ಡಿಸೆಂಬರ್‌ನಲ್ಲಿ ಕೇರಳದ ವಡಗರದಲ್ಲಿ ರಸ್ತೆ ಬದಿಗೆ ನಿಂತಿದ್ದ ಕ್ಯಾರವಾನ್ ಒಂದರಲ್ಲಿ ಇಬ್ಬರು ಶವವಾಗಿ ಕಂಡುಬಂದರು. ಕೋಯಿಕ್ಕೋಡಿನ ಎನ್‌ಐಟಿ ತಜ್ಞರ ಪರಿಶೀಲನೆಯಲ್ಲಿ, ಜನರೇಟರಿನಿಂದ ಹೊರಬಿದ್ದ ಕಾರ್ಬನ್ ಮಾನಾಕ್ಸೈಡ್ ಮಲಗುವ ಜಾಗಕ್ಕೆ ನುಗ್ಗಿದ್ದೇ ಕಾರಣವೆಂದು ತಿಳಿದುಬಂತು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಇಂಥಲ್ಲಿ ಬಾಗಿಲೊಂದೇ ಸಾಲದು. ಗಾಳಿ ಕಿಂಡಿ ಮತ್ತು ಅನಿಲ ಸೂಚಕ ಗಂಟೆಯೂ ಬೇಕು. ಆದರೆ ಗಂಟೆ ಬಾರಿಸಿದಾಗ ಬಾಗಿಲು ತೆರೆಯದಿದ್ದರೆ ಗಂಟೆಯಿಂದ ಪ್ರಯೋಜನವೇನು?

ಸರಕು ವಾಹನದಲ್ಲಿ ಜನರನ್ನು ಕೂಡ್ರಿಸುವುದರ ಅಪಾಯ ಈ ಭಾಗಕ್ಕೆ ಹೊಸದಲ್ಲ. 2023ರ ಜನವರಿಯ ಮೊದಲ ವಾರದಲ್ಲಿ ರಾಮದುರ್ಗ ತಾಲೂಕಿನ ಚುಂಚನೂರ ಬಳಿ, ಸವದತ್ತಿಯ ಯಲ್ಲಮ್ಮನ ದರ್ಶನಕ್ಕೆ ಹೊರಟಿದ್ದ ಭಕ್ತರಿದ್ದ ಸರಕು ವಾಹನ ಮರಕ್ಕೆ ಅಪ್ಪಳಿಸಿ 6 ಜನ ಮೃತಪಟ್ಟರು. ಅಲ್ಲಿ ಕೀಲಿಯ ಪ್ರಶ್ನೆ ಇರಲಿಲ್ಲ. ಆದರೆ ಮಾಲಿಗಾಗಿ ಕಟ್ಟಿದ ವಾಹನ ಮನುಷ್ಯರನ್ನು ಕಾಪಾಡುವುದಿಲ್ಲವೆಂಬ ಮಾತು ಅಲ್ಲಿಗೂ ಅನ್ವಯಿಸುತ್ತದೆ.

ಒಂದು ಹಿಡಿಕೆಯ ಇತಿಹಾಸ

1883ರಲ್ಲಿ ಇಂಗ್ಲೆಂಡಿನ ಸಂಡರ್‌ಲೆಂಡ್ ಪಟ್ಟಣದ ವಿಕ್ಟೋರಿಯಾ ಹಾಲ್‌ನಲ್ಲಿ ಮಕ್ಕಳ ಕಾರ್ಯಕ್ರಮ ಮುಗಿಯುವ ಹೊತ್ತಿಗೆ ನೂಕುನುಗ್ಗಲಾಯಿತು. ಮೆಟ್ಟಿಲ ಕೆಳಗಿನ ಬಾಗಿಲು ಅಗಳಿ ಹಾಕಿದ್ದರಿಂದ ಒಬ್ಬೊಬ್ಬರೇ ನುಸುಳುವಷ್ಟು ಮಾತ್ರ ತೆರೆದಿತ್ತು. 183 ಮಕ್ಕಳು ಅಲ್ಲಿ ಪ್ರಾಣ ಕಳೆದುಕೊಂಡರು. ತಳ್ಳಿದ ಕೂಡಲೇ ತೆರೆದುಕೊಳ್ಳುವ ಅಗಳಿಗೆ ರಾಬರ್ಟ್ ಬ್ರಿಗ್ಸ್ ಎಂಬವರು 1892ರಲ್ಲಿ ಪೇಟೆಂಟ್ ಪಡೆದರು. ಇಂದು ಚಿತ್ರಮಂದಿರಗಳ ಮತ್ತು ದೊಡ್ಡ ಅಂಗಡಿಗಳ ತುರ್ತು ಬಾಗಿಲಿಗೆ ಅಡ್ಡಲಾಗಿ ಕಾಣುವ ತಳ್ಳುವ ಪಟ್ಟಿಯ ಹಿಂದಿರುವುದು ಇದೇ ತತ್ತ್ವ.

ಕಾರಿನ ಡಿಕ್ಕಿಯ ವಿಷಯದಲ್ಲಿಯೂ ಹೀಗೆಯೇ ಆಯಿತು. ಆಟವಾಡುತ್ತ ಡಿಕ್ಕಿಯೊಳಗೆ ಸೇರಿದ ಮಕ್ಕಳು ಹೊರಬರಲಾಗದೆ ಸತ್ತ ಪ್ರಕರಣಗಳ ನಂತರ ಅಮೆರಿಕ ದೇಶವು 2001ರ ಸೆಪ್ಟೆಂಬರ್ 1ರಿಂದ ಹೊಸ ಕಾರುಗಳ ಡಿಕ್ಕಿಯೊಳಗೆ ತೆರೆಯುವ ಹಿಡಿಕೆಯನ್ನು ಕಡ್ಡಾಯಗೊಳಿಸಿತು. ಕತ್ತಲಲ್ಲಿಯೂ ಕಾಣುವಂತೆ ಹೊಳೆಯುವ ಚಿಕ್ಕ ಪ್ಲಾಸ್ಟಿಕ್ ಹಿಡಿಕೆ ಅದು. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಗಳಿಗೆ ಶೀತಲ ಗೃಹಗಳ ಪರಿಚಯವುಂಟು. ಹೊರಗಿನಿಂದ ಮುಚ್ಚಿದರೂ ಒಳಗಿರುವ ಕೆಲಸಗಾರ ತಳ್ಳಿ ತೆರೆಯುವ ಏರ್ಪಾಡು ಅಲ್ಲಿನ ಬಾಗಿಲಿಗೆ ಇರಬೇಕಾದುದೂ ಇದೇ ಕಾರಣಕ್ಕೆ. ಮನುಷ್ಯ ಒಳಗಿರಬಹುದಾದ ಯಾವುದೇ ಜಾಗದ ಬಾಗಿಲು ಕೀಲಿಕೈಯಿಲ್ಲದೆ ಒಳಗಿನಿಂದ ತೆರೆಯಬೇಕು.

ಬಾಗಿಲಿನ ಕೀಲಿ ಕೆಲಸ ಮಾಡುವ ಬಗೆ

ವ್ಯಾನಿನ ಬಾಗಿಲಿನಲ್ಲಿ ಮುಖ್ಯವಾಗಿ ಮೂರು ಭಾಗಗಳಿವೆ. ಬಾಗಿಲಿನ ಅಂಚಿನಲ್ಲಿ ಕೊಕ್ಕೆಯಂತೆ ತಿರುಗುವ ಲ್ಯಾಚ್. ಅದು ಹಿಡಿದುಕೊಳ್ಳುವ, ಕಂಬಕ್ಕೆ ಬಿಗಿದ ಸ್ಟ್ರೈಕರ್. ಹಿಡಿಕೆಯ ಎಳೆತವನ್ನು ಲ್ಯಾಚಿಗೆ ಮುಟ್ಟಿಸುವ ಸರಳು ಅಥವಾ ಕೇಬಲ್. ಹೊರಗಿನಿಂದ ಕೀಲಿ ಹಾಕಿದಾಗ ಸಾಮಾನ್ಯವಾಗಿ ಹೊರ ಹಿಡಿಕೆಯ ಸಂಪರ್ಕ ಕಡಿಯುತ್ತದೆ. ಲ್ಯಾಚ್ ಮಾತ್ರ ಹಾಗೆಯೇ ಇರುತ್ತದೆ. ಆದುದರಿಂದ ಒಳಗಿನಿಂದ ಲ್ಯಾಚಿಗೆ ನೇರವಾಗಿ ಪ್ರತ್ಯೇಕ ಎಳೆತವನ್ನು ಒದಗಿಸಿದರೆ ಹೊರಗಿನ ಕೀಲಿಗೆ ಧಕ್ಕೆಯಾಗದಂತೆ ಬಾಗಿಲು ತೆರೆಯಬಹುದು. ಕಳ್ಳನಿಂದ ರಕ್ಷಣೆ ಹಾಗೂ ಒಳಗಿನವರ ಸುರಕ್ಷತೆ ಒಂದಕ್ಕೊಂದು ವಿರೋಧವಲ್ಲವೆಂಬುದು ಇದರಿಂದ ಸ್ಪಷ್ಟ.

ಮಾರ್ಪಾಡಿನಲ್ಲಿ ಅನುಸರಿಸಬೇಕಾದ ಕ್ರಮ ಹೀಗಿರಬೇಕು.

ಮೊದಲನೆಯದಾಗಿ, ಅದೇ ಮಾದರಿಯ ಪ್ರಯಾಣಿಕರ ವಾಹನಕ್ಕೆ ಕಂಪನಿಯೇ ತಯಾರಿಸಿದ ಲ್ಯಾಚ್, ಒಳ ಹಿಡಿಕೆ ಮತ್ತು ಕೇಬಲ್ ದೊರೆಯುವುದೇ ಎಂದು ವಿಚಾರಿಸಬೇಕು. ಸರಕು ಮತ್ತು ಪ್ರಯಾಣಿಕ ಮಾದರಿಗಳೆರಡನ್ನೂ ತಯಾರಿಸುವ ಕಂಪನಿಗಳ ವಾಹನಗಳಲ್ಲಿ ಬಾಗಿಲಿನ ಚೌಕಟ್ಟು ಬಹುಮಟ್ಟಿಗೆ ಒಂದೇ ಇರುವುದರಿಂದ ತಗಡು ಕತ್ತರಿಸುವ ಪ್ರಸಂಗ ಕಡಿಮೆ. ಇದೇ ಉತ್ತಮ ಮಾರ್ಗ.

ಎರಡನೆಯದಾಗಿ, ಅದು ದೊರೆಯದಿದ್ದಲ್ಲಿ ಮಾತ್ರ ಲ್ಯಾಚಿನ ಸನ್ನೆಗೆ ಉಕ್ಕಿನ ಕೇಬಲ್ ಜೋಡಿಸಿ ಒಳಗಡೆ ಹಿಡಿಕೆ ಕೂಡ್ರಿಸಬೇಕು. ಬಾಗಿಲಿನೊಳಗಿನ ಬಲವರ್ಧಕ ಪಟ್ಟಿಯನ್ನು ಕತ್ತರಿಸಬಾರದು. ಲ್ಯಾಚಿನ ಬಳಿ ಬೆಸುಗೆ ಹಾಕಬಾರದು. ಕೇಬಲ್ ಚೂಪಾದ ಅಂಚಿಗೆ ಉಜ್ಜದಂತೆ ರಬ್ಬರ್ ಬುಷ್ ಹಾಕಬೇಕು. ಎರಡು ರೆಕ್ಕೆಯ ಹಿಂಬಾಗಿಲಾದರೆ ಮೊದಲು ತೆರೆಯುವ ರೆಕ್ಕೆಯ ಮೇಲೂ ಕೆಳಗೂ ಇರುವ ಎರಡು ಹಿಡಿತಗಳು ಒಂದೇ ಎಳೆತಕ್ಕೆ ಬಿಡುವಂತಿರಬೇಕು. ಜಾರುವ ಬಾಗಿಲಿಗೆ ಮುಂದೆಯೂ ಹಿಂದೆಯೂ ಲ್ಯಾಚ್ ಇದ್ದಲ್ಲಿ ಎರಡೂ ಒಟ್ಟಿಗೆ ಬಿಡಬೇಕು.

ಮೂರನೆಯದಾಗಿ, ಹೊರಗಿನ ಕೊಂಡಿ-ಬೀಗವನ್ನು ತೆಗೆದುಹಾಕಬೇಕು. ಒಳಗೆ ಎಂಥ ಹಿಡಿಕೆ ಇದ್ದರೂ ಹೊರಗಿನ ಕೊಂಡಿ ಅದನ್ನು ನಿಷ್ಪ್ರಯೋಜಕಗೊಳಿಸುತ್ತದೆ. ಮಕ್ಕಳ ಸುರಕ್ಷತೆಗೆಂದು ಬಾಗಿಲಿನ ಅಂಚಿನಲ್ಲಿ ಇರುವ ಚೈಲ್ಡ್ ಲಾಕ್ ಚಲಿಸುವಾಗ ಉಪಯುಕ್ತ, ಮಲಗುವಾಗ ಅಪಾಯಕಾರಿ. ತುರ್ತು ನಿರ್ಗಮನಕ್ಕೆ ಗೊತ್ತುಪಡಿಸಿದ ಬಾಗಿಲಿನಲ್ಲಿ ಅದು ಇರಕೂಡದು.

ನಾಲ್ಕನೆಯದಾಗಿ, ವಿದ್ಯುತ್ ಕೀಲಿಯನ್ನು ನೆಚ್ಚಬಾರದು. ಬೆಂಕಿಯಲ್ಲಿ ಮೊದಲು ಸುಡುವುದು ತಂತಿ. ರಾತ್ರಿಯಿಡೀ ದೀಪ-ಫ್ಯಾನು ಓಡಿದರೆ ಮೊದಲು ಬರಿದಾಗುವುದು ಬ್ಯಾಟರಿ. ತುರ್ತು ಹಿಡಿಕೆ ಕೈಬಲದಿಂದಲೇ ಕೆಲಸ ಮಾಡಬೇಕು.

ಐದನೆಯದಾಗಿ, ಚಲಿಸುವಾಗ ಕೈ ತಾಗಿ ಬಾಗಿಲು ತೆರೆಯದಂತೆ ಹಿಡಿಕೆಯನ್ನು ತಗ್ಗಿನಲ್ಲಿ ಕೂಡ್ರಿಸಬೇಕು. ಕಿಟಕಿಯ ಗಾಜು ಒಡೆದು ಕೈ ಹಾಕಿದವನಿಗೆ ಎಟುಕಬಾರದು, ಮಲಗಿರುವವರಿಗೆ ಎಟುಕಬೇಕು. ಬಳಿಯಲ್ಲಿ ಕತ್ತಲಲ್ಲಿ ಹೊಳೆಯುವ ಪಟ್ಟಿ ಮತ್ತು ಕನ್ನಡದಲ್ಲಿ ‘ಎಳೆದು ತೆರೆಯಿರಿ’ ಎಂಬ ಬರಹ ಇರಬೇಕು.

ಆರನೆಯದಾಗಿ, ಎರಡನೆಯ ದಾರಿ ಬೇಕು. ಅಪಘಾತದಲ್ಲಿ ಬಾಗಿಲಿನ ಚೌಕಟ್ಟು ಸೊಟ್ಟಗಾದರೆ ಒಳ್ಳೆಯ ಲ್ಯಾಚ್ ಕೂಡ ಬಿಡದು. ತೆರೆಯುವ ಕಿಟಕಿ, ಗಾಜು ಒಡೆಯುವ ಸುತ್ತಿಗೆ, ಚಾಲಕನ ಕೋಣೆಗೆ ಹೋಗುವ ದಾರಿ, ಇವುಗಳಲ್ಲಿ ಒಂದಾದರೂ ಇರಬೇಕು. ಕಪಾಟು, ಹಾಸಿಗೆಗಳು ಆ ದಾರಿಗೆ ಅಡ್ಡಬರಬಾರದು. ಗ್ಯಾಸ್ ಒಲೆಯನ್ನು ಬಾಗಿಲ ಬಳಿ ಇಡುವುದು ತಪ್ಪು: ಬೆಂಕಿ ಹೊತ್ತಿದರೆ ಹೊರಬರುವ ದಾರಿಯೇ ಮುಚ್ಚಿಹೋಗುತ್ತದೆ. ಅಡುಗೆ ಅನಿಲ ಗಾಳಿಗಿಂತ ಭಾರವಾದುದರಿಂದ ನೆಲಮಟ್ಟದಲ್ಲಿ ಗಾಳಿ ಕಿಂಡಿ ಇರುವುದು ಅಗತ್ಯ.

ಪರೀಕ್ಷೆಯಿಲ್ಲದೆ ವಾಹನ ಒಪ್ಪಿಸಬಾರದು

ಲ್ಯಾಚು ಗ್ಯಾರೇಜಿನಲ್ಲಿ ಬಾಗಿಲು ಬಿಚ್ಚಿಟ್ಟಾಗ ಸರಿಯಾಗಿ ಕೆಲಸ ಮಾಡಿ, ಪ್ಲೈವುಡ್ ಹೊದಿಸಿದ ಮೇಲೆ ಕೇಬಲ್ ಸಿಕ್ಕಿಕೊಂಡು ನಿಂತುಹೋಗುವುದುಂಟು. ಆದುದರಿಂದ ಎಲ್ಲ ಕೆಲಸ ಮುಗಿದು ಹಾಸಿಗೆ-ಸಾಮಾನು ತುಂಬಿದ ನಂತರವೇ ಪರೀಕ್ಷೆ ನಡೆಯಬೇಕು. ಹೊರಗಿನಿಂದ ಕೀಲಿ ಹಾಕಿ, ಒಳಗಿನ ದೀಪ ಆರಿಸಿ, ಕೆಲಸ ಮಾಡದ ಇನ್ನೊಬ್ಬ ವ್ಯಕ್ತಿ ಒಂದೇ ಕೈಯಿಂದ ತೆರೆದು ನೋಡಬೇಕು. ವಯಸ್ಸಾದವರೂ ಹತ್ತು ವರ್ಷದ ಮಗುವೂ ತೆರೆಯಬಲ್ಲರೇ ಎಂದು, ಹೊರಗೆ ಮನೆಯವರು ನಿಂತಿರುವಾಗಲೇ, ನೋಡಬೇಕು. ಸಮತಟ್ಟಾದ ನೆಲದಲ್ಲಿಯೂ ಇಳಿಜಾರಿನಲ್ಲಿಯೂ ನೋಡಬೇಕು. ಇಳಿಜಾರಿನಲ್ಲಿ ಜಾರುವ ಬಾಗಿಲಿನ ಭಾರ ಬೇರೆಯಾಗುತ್ತದೆ. ಈ ಪರೀಕ್ಷೆಯ ದಿನಾಂಕ ಹಾಗೂ ಫಲಿತಾಂಶವನ್ನು ಜಾಬ್ ಕಾರ್ಡಿನಲ್ಲಿ ಬರೆದು ಗ್ರಾಹಕರ ಸಹಿ ಪಡೆಯುವುದು ಕ್ಷೇಮ.

ನಮ್ಮ ಎರೆಮಣ್ಣಿನ ಧೂಳು ಬೇಸಿಗೆಯಲ್ಲಿ ಎಲ್ಲ ಸಂದುಗಳಿಗೂ ನುಗ್ಗುತ್ತದೆ. ಲ್ಯಾಚಿಗೆ ದಪ್ಪ ಗ್ರೀಸ್ ಬಳಿದರೆ ಧೂಳು ಅಂಟಿ ಗಟ್ಟಿಯಾಗುತ್ತದೆ. ತಿಂಗಳಿಗೊಮ್ಮೆ ಸ್ವಚ್ಛಗೊಳಿಸಿ ವಾಹನ ಕಂಪನಿ ಸೂಚಿಸಿದ ತೆಳು ಎಣ್ಣೆ ಹಾಕಿ, ಒಳ ಹಿಡಿಕೆಯನ್ನು ಎಳೆದು ನೋಡುವಂತೆ ಮಾಲೀಕರಿಗೆ ಬರಹದಲ್ಲಿ ತಿಳಿಸಬೇಕು.

ಕಾನೂನಿನ ಚೌಕಟ್ಟು

ವಾಹನ ನನ್ನದು, ಹೇಗೆ ಬೇಕಾದರೂ ಮಾರ್ಪಡಿಸುವೆನೆಂಬ ಮಾತು ಕಾನೂನಿನಲ್ಲಿ ನಿಲ್ಲುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನದ ಮಾರ್ಪಾಡನ್ನು ನಿಯಂತ್ರಿಸುತ್ತದೆ. 2019ರ ಜನವರಿ 9ರಂದು ಸರ್ವೋಚ್ಚ ನ್ಯಾಯಾಲಯವು ಕೇರಳದ ಪ್ರಕರಣವೊಂದರಲ್ಲಿ, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು ತೀರ್ಪು ನೀಡಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಮಿನ ಪ್ರಕಾರ, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ ಮಾಲೀಕರಿಗೆ ರೂ. 5,000 ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದು. ಕ್ಯಾರವಾನ್ ವಾಹನಗಳಿಗೆ ಎಐಎಸ್-124 ಎಂಬ ಪ್ರತ್ಯೇಕ ಮಾನದಂಡವಿದೆ. ಬಸ್ಸುಗಳ ಬಾಡಿಗೆ ಎಐಎಸ್-052 ಇದೆ. ಆದುದರಿಂದ ಮುಂಗಡ ಪಡೆಯುವ ಮುನ್ನವೇ, ಈ ಭಾಗದವರಿಗೆ ಕೆಎ-24 ಸಂಖ್ಯೆಯಿಂದ ಪರಿಚಿತವಾದ ಬೈಲಹೊಂಗಲದ ಸಾರಿಗೆ ಕಚೇರಿಯಲ್ಲಿ ನಕ್ಷೆ ತೋರಿಸಿ ಬರಹದಲ್ಲಿ ಅನುಮತಿ ಪಡೆಯುವುದು ಮೊದಲ ಹೆಜ್ಜೆಯಾಗಬೇಕು. ಸರಕು ವಾಹನವಾಗಿ ನೋಂದಣಿಯಾದುದನ್ನು ಜನರ ವಾಸಕ್ಕೆ ಬಳಸಬೇಕಾದರೆ ನೋಂದಣಿಯ ವರ್ಗವೂ ಬದಲಾಗಬೇಕೆಂಬುದನ್ನು ಮರೆಯಬಾರದು.

ಗ್ಯಾರೇಜಿನವರಿಗೂ ಹೊಣೆ ತಪ್ಪಿದ್ದಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈ 20ರಂದು ಜಾರಿಗೆ ಬಂದು ಉತ್ಪನ್ನ ಹೊಣೆಗಾರಿಕೆ ಎಂಬ ಹೊಸ ಅಧ್ಯಾಯವನ್ನು ತಂದಿತು. ವಸ್ತುವನ್ನು ಮಾರ್ಪಡಿಸಿ ಮಾರಿದವರು, ಆ ಮಾರ್ಪಾಡೇ ಹಾನಿಗೆ ಗಣನೀಯ ಕಾರಣವಾಗಿದ್ದಲ್ಲಿ, ಪರಿಹಾರಕ್ಕೆ ಬಾಧ್ಯರಾಗುತ್ತಾರೆ. ದೋಷಪೂರಿತ ಸೇವೆ ನೀಡಿದವರೂ, ಅಪಾಯದ ಬಗ್ಗೆ ಸಾಕಷ್ಟು ಸೂಚನೆ ನೀಡದವರೂ ಅದರ ವ್ಯಾಪ್ತಿಗೆ ಬರುತ್ತಾರೆ. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದ್ದಲ್ಲಿ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಐದು ವರ್ಷಗಳವರೆಗೆ ಸೆರೆವಾಸವನ್ನು ವಿಧಿಸಲು ಅವಕಾಶ ನೀಡುತ್ತದೆ.

ಲೆಕ್ಕಪುಸ್ತಕದಲ್ಲಿ

ಮಾರ್ಪಾಡಿನ ವಿಷಯವನ್ನು ವಿಮಾ ಕಂಪನಿಗೆ ಬರಹದಲ್ಲಿ ತಿಳಿಸಿ ಪಾಲಿಸಿಯಲ್ಲಿ ನಮೂದು ಮಾಡಿಸಬೇಕು. ತಿಳಿಸದೆ ಹೋದಲ್ಲಿ ಸ್ವಂತ ವಾಹನದ ಹಾನಿಯ ಪರಿಹಾರವನ್ನು ನಿರಾಕರಿಸಲು ಕಂಪನಿಗೆ ಆಸ್ಪದ ಸಿಗುತ್ತದೆ. ವಾಹನವನ್ನು ವ್ಯಾಪಾರದಲ್ಲಿ ಬಳಸುವವರು ಮಾರ್ಪಾಡಿನ ವೆಚ್ಚವನ್ನು ದುರಸ್ತಿ ಖಾತೆಗೆ ಹಾಕದೆ, ವಾಹನದ ಮೌಲ್ಯಕ್ಕೆ ಸೇರಿಸಿ ಬಂಡವಾಳ ವೆಚ್ಚವೆಂದು ತೋರಿಸುವುದು ಸರಿಯಾದ ಕ್ರಮ. ಅದರ ಮೇಲೆ ಸವಕಳಿ ದೊರೆಯುತ್ತದೆ. ಜಿಎಸ್‌ಟಿಯಲ್ಲಿ ಗ್ರಾಹಕರ ವಾಹನದ ಮೇಲೆ ಬಾಡಿ ಕಟ್ಟಿಕೊಡುವುದು ಸೇವೆ. ತನ್ನದೇ ಚಾಸಿಯ ಮೇಲೆ ಕಟ್ಟಿ ಸಿದ್ಧ ವಾಹನ ಮಾರುವುದು ಸರಕಿನ ಪೂರೈಕೆ. 2018ರ ಆಗಸ್ಟ್ 9ರ ಸುತ್ತೋಲೆ ಬಸ್ ಬಾಡಿಯ ಸಂದರ್ಭದಲ್ಲಿ ಈ ವ್ಯತ್ಯಾಸವನ್ನು ಸ್ಪಷ್ಟಪಡಿಸಿತು. ಬಿಲ್ಲಿನಲ್ಲಿ ‘ಒಳಾಂಗಣ ಕೆಲಸ’ ಎಂದು ಒಂದೇ ಸಾಲು ಬರೆಯದೆ, ಲ್ಯಾಚ್, ಕೇಬಲ್, ಹಿಡಿಕೆ, ಅನಿಲ ಸೂಚಕ ಎಂದು ಬಿಡಿಬಿಡಿಯಾಗಿ ಬರೆಯುವುದು ಒಳ್ಳೆಯದು. ತೆರಿಗೆಗೂ ಅದು ದಾಖಲೆ, ನ್ಯಾಯಾಲಯಕ್ಕೂ ಅದೇ ದಾಖಲೆ.

ವ್ಯಾನಿನ ಇಡೀ ಮಾರ್ಪಾಡಿನಲ್ಲಿ ಹಾಸಿಗೆ, ಕಪಾಟು, ಬ್ಯಾಟರಿಗಳ ವೆಚ್ಚದ ಮುಂದೆ ಒಂದು ಹಿಡಿಕೆ ಮತ್ತು ಒಂದು ಕೇಬಲಿನ ವೆಚ್ಚ ಅತ್ಯಲ್ಪ. ಹೀಗಿದ್ದೂ ಅಂದಾಜು ಪಟ್ಟಿಯಲ್ಲಿ ಅದಕ್ಕೆ ಸ್ಥಾನ ಸಿಗದಿರುವುದಕ್ಕೆ ಕಾರಣವಿದೆ. ಹಾಸಿಗೆ ಗ್ರಾಹಕರ ಕಣ್ಣಿಗೆ ಕಾಣುತ್ತದೆ, ಅವರು ಕೇಳುತ್ತಾರೆ. ಲ್ಯಾಚ್ ಕಾಣುವುದಿಲ್ಲ, ಯಾರೂ ಕೇಳುವುದಿಲ್ಲ. ಕೇಳದಿದ್ದರೂ ಅದನ್ನು ಅಂದಾಜು ಪಟ್ಟಿಯ ಮೊದಲ ಸಾಲಿನಲ್ಲಿ ಬರೆಯುವ ಪದ್ಧತಿಯನ್ನು ಈ ಭಾಗದ ಉದ್ದಿಮೆದಾರರು ಆರಂಭದಿಂದಲೇ ರೂಢಿಸಿಕೊಳ್ಳುವುದು ಉಚಿತ. ಬಾಡಿಗೆಗೆ ವಾಹನ ಕೊಡುವ ವ್ಯಾಪಾರಿಗಳೂ ಕೀಲಿಕೈ ಒಪ್ಪಿಸುವ ಮುನ್ನ ಗ್ರಾಹಕರನ್ನು ಒಳಗೆ ಕೂಡ್ರಿಸಿ, ಬಾಗಿಲು ಹಾಕಿ, ಅವರ ಕೈಯಿಂದಲೇ ಒಮ್ಮೆ ತೆರೆಯಿಸಿ ನೋಡಬೇಕು. ಇದಕ್ಕೆ ತಗಲುವ ಸಮಯ ಎರಡು ನಿಮಿಷ ಮಾತ್ರ.